ಇಪ್ಪತ್ತೆರಡು ವರ್ಷ ಸುಮ್ಮನಿದ್ದ ಸಿಮೆಂಟು ಅಪ್ಪನ ಕೈಗೆ ಈಗೇಕೆ ತಿರುಗಿಬಿದ್ದಿದೆ?

ಗೌಂಡಿಯ ಮಗ, ನವನಗರ (ಬಾಗಲಕೋಟೆ)
ಭಾನುವಾರ, ರಾತ್ರಿ 9.40

ನಮ್ಮ ಅಪ್ಪ ಗೌಂಡಿ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಓಣಿಗಳು ಹೋಗಿ ನವನಗರದ ಸೆಕ್ಟರುಗಳಲ್ಲಿ ಮನೆಗಳು ಏಳುತ್ತಿದ್ದ ಕಾಲಕ್ಕೆ ಥಾಪಿ ಹಿಡಿದವರು. ಇಪ್ಪತ್ತೆರಡು ವರ್ಷವಾಯಿತು. ಅವರ ಅಂಗೈ ಬಿರಿಯದ ಚಳಿಗಾಲವನ್ನು ನಾನು ನೋಡಿಲ್ಲ. ಬಿರಿಯುತ್ತಿತ್ತು, ಉರಿಯುತ್ತಿತ್ತು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದರು, ಯುಗಾದಿಯ ಹೊತ್ತಿಗೆ ಮುಚ್ಚಿಕೊಳ್ಳುತ್ತಿತ್ತು. ಗೌಂಡಿಯ ಕೈ ಇರುವುದೇ ಹಾಗೆ ಎಂದು ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ದೀಪಾವಳಿಯ ನಂತರ ರೋಗದ ರೀತಿಯೇ ಬದಲಾಗಿದೆ. ಬೆರಳ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು, ತಡೆಯಲಾಗದ ತುರಿಕೆ. ಮಣಿಕಟ್ಟು ದಾಟಿ ಮೊಣಕೈ ಹತ್ತಿರ ಬಂದಿದೆ. ಪಾದದ ಮೇಲ್ಭಾಗದಲ್ಲೂ ಇದೆ. ಎರಡು ಸಂಗತಿಗಳು ನನಗೆ ಬಿಡಿಸಲಾಗದ ಒಗಟಾಗಿವೆ. ಒಂದು, ಸೋಮವಾರ ಗಿಲಾವಿನ ಕೆಲಸಕ್ಕೆ ಹೋದರೆ ಅಂದು ಏನೂ ಆಗುವುದಿಲ್ಲ. ಮಂಗಳವಾರ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆರೆದುಕೊಳ್ಳುತ್ತಾರೆ. ಇನ್ನೊಂದು, ಹತ್ತು ದಿನ ಮನೆಯಲ್ಲೇ ಇದ್ದಾಗ ಕೈ ಇಳಿಯಿತು, ಪಾದ ಇಳಿಯಲಿಲ್ಲ.

ಔಷಧದ ಅಂಗಡಿಯವರು ಕೊಟ್ಟ ಎರಡು ಮುಲಾಮು ಮುಗಿದಿವೆ. ಅಪ್ಪನ ಪ್ರಶ್ನೆ ಒಂದೇ: ‘ಇದೇ ಸಿಮೆಂಟು, ಇದೇ ಕೈ. ಇಷ್ಟು ವರ್ಷ ಇಲ್ಲದ್ದು ಈಗ ಎಲ್ಲಿಂದ ಬಂತು?’ ಗೊತ್ತಿದ್ದವರು ತಿಳಿಸಿ.

ಹುನಗುಂದ ಕಾಕಾ
ಭಾನುವಾರ, ರಾತ್ರಿ 10.05

ರಕ್ತ ಕೆಟ್ಟಿದೆ ತಮ್ಮಾ. ನಂಜಿನ ಪದಾರ್ಥ ಬಿಡಿಸಿ: ಬದನೆಕಾಯಿ, ಒಣಮೀನು, ಶೇಂಗಾ. ಬೇವಿನ ಎಲೆ ಕುದಿಸಿದ ನೀರಿನಲ್ಲಿ ದಿನಕ್ಕೆ ನಾಲ್ಕು ಸಲ ಕೈ ತೊಳೆಯಲಿ. ನಮ್ಮ ಕಾಲದಲ್ಲಿ ಇಸುಬಿಗೆ ಬೇರೆ ಔಷಧವೇ ಇರಲಿಲ್ಲ.

ಉದ್ಯಮಬಾಗ ಲೇಥ್ (ಬೆಳಗಾವಿ)
ಭಾನುವಾರ, ರಾತ್ರಿ 10.20

ಸಿಮೆಂಟಿನ ಚೀಲ ಬದಲಿಸಿ ನೋಡಿ. ಮೊದಲಿನ ಮಾಲು ಈಗಿಲ್ಲ.

ನಿವೃತ್ತ ಚರ್ಮವೈದ್ಯೆ, ಬೆಳಗಾವಿ
ಸೋಮವಾರ, ಬೆಳಿಗ್ಗೆ 6.30

ಕಾಕಾ ಅವರೇ, ಬದನೆಕಾಯಿಯನ್ನು ಅದರ ಪಾಡಿಗೆ ಬಿಡಿ. ಇದರಲ್ಲಿ ಅದರ ಕೈವಾಡವಿಲ್ಲ. ಬಿರಿದ ಕೈಯನ್ನು ದಿನಕ್ಕೆ ಇನ್ನೂ ನಾಲ್ಕು ಸಲ ನೆನೆಸುವುದಂತೂ ಬೇಡವೇ ಬೇಡ.

ಗೌಂಡಿಯ ಮಗನೇ, ಫೋಟೋ ನೋಡಿ ರೋಗ ಹೇಳುವ ಅಭ್ಯಾಸ ನನಗಿಲ್ಲ. ಆದರೆ ನೀವು ಬರೆದ ಸೋಮವಾರ–ಮಂಗಳವಾರದ ಮಾತು ಹತ್ತು ಫೋಟೋಗಳಿಗೆ ಸಮ. ನಿಮ್ಮ ತಂದೆಗೆ ಒಂದಲ್ಲ, ಎರಡು ಕಾಯಿಲೆಗಳಿರುವ ಹಾಗೆ ಕಾಣುತ್ತದೆ. ಒಂದು ಇಪ್ಪತ್ತೆರಡು ವರ್ಷದ್ದು, ಇನ್ನೊಂದು ಆರು ತಿಂಗಳದ್ದು. ಮೊದಲನೆಯದೇ ಎರಡನೆಯದಕ್ಕೆ ಜಾಗ ಮಾಡಿಕೊಟ್ಟಿದೆ.

ಕಲಸಿದ ಸಿಮೆಂಟಿನ ಕ್ಷಾರತೆ ಪಿಎಚ್ ಲೆಕ್ಕದಲ್ಲಿ 12ರಿಂದ 13. ನಮ್ಮ ಚರ್ಮದ ಮೇಲ್ಮೈ ತುಸು ಹುಳಿ, ಸುಮಾರು 4.5ರಿಂದ 5.5. ಅಷ್ಟು ಕ್ಷಾರ ಮೈಗೆ ತಾಗಿದರೆ ಚರ್ಮದ ಹೊರಪದರದ ಜಿಡ್ಡು ಕರಗಿಹೋಗುತ್ತದೆ, ಪದರ ಬಿರಿಯುತ್ತದೆ. ಇದು ಬರೀ ಕೆರಳಿಕೆ. ಯಾರ ಕೈಗಾದರೂ ಆಗುತ್ತದೆ, ಕೈ ಹಾಕಿದ ದಿನವೇ ಉರಿಯುತ್ತದೆ, ಕೆಲಸ ನಿಲ್ಲಿಸಿದರೆ ಇಳಿಯುತ್ತದೆ. ಇಲ್ಲಿ ಅಲರ್ಜಿಯ ಪ್ರಶ್ನೆಯೇ ಇಲ್ಲ.

ಎರಡನೆಯದು ಅಲರ್ಜಿ. ಸಿಮೆಂಟಿನಲ್ಲಿ ಬಹಳ ಸಣ್ಣ ಪ್ರಮಾಣದಲ್ಲಿ ಕ್ರೋಮೇಟ್ ಎಂಬ ಕ್ರೋಮಿಯಂ ಲವಣ ಇರುತ್ತದೆ. ದೇಹದ ರಕ್ಷಣಾ ಪಡೆಗೆ ಸೇರಿದ ಟಿ ಜೀವಕೋಶಗಳು ಒಮ್ಮೆ ಅದರ ಗುರುತು ಹಿಡಿದರೆ, ಮುಂದೆ ಅದು ಸೋಕಿದಾಗಲೆಲ್ಲ ಮೇಲೆ ಬೀಳುತ್ತವೆ. ಆದರೆ ಅವು ಅಲ್ಲಿಗೆ ಬಂದು ಸೇರಿ ಗಲಾಟೆ ಎಬ್ಬಿಸಲು ಒಂದರಿಂದ ಮೂರು ದಿನ ಬೇಕು. ನಿಮ್ಮ ತಂದೆಯವರ ಮಂಗಳವಾರದ ರಾತ್ರಿ ಅದೇ.

ಇನ್ನು ಅವರ ಪ್ರಶ್ನೆ, ಈಗೇಕೆ ಎಂಬುದು. ಗಟ್ಟಿ ಚರ್ಮದ ಮೂಲಕ ಒಳಗಿಳಿಯಬಲ್ಲದ್ದು ತೀರಾ ಸಣ್ಣ ಅಣುಗಳು ಮಾತ್ರ. ಅಣುತೂಕದ ಅಳತೆಯಲ್ಲಿ 500 ಡಾಲ್ಟನ್‌ಗಿಂತ ಹಗುರವಾದವು ಎಂದು ನಾವು ಓದಿದ್ದೆವು. ಬಿರಿದ ಚರ್ಮದಲ್ಲಿ ಆ ಅಣುಗಳೇ ಹಲವು ಪಟ್ಟು ಹೆಚ್ಚು ಇಳಿಯುತ್ತವೆ. ಇಷ್ಟು ಎಲ್ಲರೂ ಊಹಿಸಬಲ್ಲರು. ಊಹಿಸಲಾಗದ್ದು ಮುಂದಿನದು: ಒಳಗೆ ಇಳಿದ ಮಾತ್ರಕ್ಕೆ ಅಲರ್ಜಿ ಹುಟ್ಟುವುದಿಲ್ಲ. ಗಾಯಗೊಂಡ ಚರ್ಮದ ಜೀವಕೋಶಗಳು ‘ಇಲ್ಲಿ ಅಪಾಯ’ ಎಂದು ರಾಸಾಯನಿಕಗಳ ಮೂಲಕ ಕೂಗು ಹಾಕಬೇಕು. ಆ ಕೂಗು ಕೇಳಿದರೇ ಚರ್ಮದೊಳಗಿನ ಕಾವಲು ಜೀವಕೋಶಗಳು ಹೊಸ ಅಣುವನ್ನು ಕಂಕುಳಿನ ದುಗ್ಧರಸ ಗ್ರಂಥಿಗೆ ಒಯ್ದು ಟಿ ಜೀವಕೋಶಗಳಿಗೆ ‘ಇವನ ಮುಖ ನೋಡಿಟ್ಟುಕೊಳ್ಳಿ’ ಎಂದು ತೋರಿಸುವುದು. ಕೂಗೇ ಇಲ್ಲದಿದ್ದರೆ ದೇಹ ಅದನ್ನು ಸಹಿಸಿಕೊಂಡು ಹೋಗುವುದೂ ಉಂಟು.

ಊರಿಗೆ ಅಪರಿಚಿತನೊಬ್ಬ ಹಗಲಲ್ಲಿ ಬಂದರೆ ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಯಾವೂರು ಎಂದು ಕೇಳುತ್ತೀರಿ. ಅದೇ ಮನುಷ್ಯ ಬಣವೆಗೆ ಬೆಂಕಿ ಬಿದ್ದ ರಾತ್ರಿ ಅಗಸಿಯಲ್ಲಿ ಕಂಡರೆ? ಹಚ್ಚಿದವನು ಅವನಲ್ಲದಿರಬಹುದು. ಆದರೆ ಮುಂದೆ ಅವನು ಜಾತ್ರೆಗೆ ಬಂದರೂ ಊರು ದೊಣ್ಣೆ ಎತ್ತುತ್ತದೆ. ನಿಮ್ಮ ತಂದೆಯ ಕೈಯಲ್ಲಿ ಇಪ್ಪತ್ತೆರಡು ವರ್ಷ ಒಂದಲ್ಲ ಒಂದು ಬಣವೆ ಉರಿಯುತ್ತಲೇ ಇತ್ತು. ಕ್ರೋಮೇಟ್ ಅಲ್ಲಿ ದಿನವೂ ಸುಳಿದಾಡುತ್ತಿತ್ತು. ಒಂದಲ್ಲ ಒಂದು ದಿನ ಸಿಕ್ಕಿಬೀಳುವುದೇ ಆಗಿತ್ತು.

ತೇಪೆ ಪರೀಕ್ಷೆ ಮಾಡಿಸಿ, ಅಂದರೆ ಅನುಮಾನವಿರುವ ವಸ್ತುಗಳನ್ನು ಚೂರು ಚೂರು ಬೆನ್ನಿಗೆ ಅಂಟಿಸಿ ಯಾವುದಕ್ಕೆ ಚರ್ಮ ಏಳುತ್ತದೆ ಎಂದು ನೋಡುವುದು. ಅಲ್ಲಿಯವರೆಗೆ ಅಂಗಡಿಯ ಮುಲಾಮು ನಿಲ್ಲಿಸಿ. ಆ ಎರಡು ಮುಲಾಮುಗಳ ಹೆಸರು ಬರೆದಿಟ್ಟುಕೊಳ್ಳಿ, ಬೇಕಾಗುತ್ತದೆ.

ಜೀವಶಾಸ್ತ್ರದ ಮೇಷ್ಟ್ರು, ಜಮಖಂಡಿ
ಸೋಮವಾರ, ಬೆಳಿಗ್ಗೆ 8.15

ಬಣವೆಯ ಉಪಮೆಯನ್ನು ನಾಳೆಯೇ ತರಗತಿಯಲ್ಲಿ ಕದಿಯುತ್ತೇನೆ, ಡಾಕ್ಟರಮ್ಮ ಕ್ಷಮಿಸಬೇಕು. ಅದರ ಹಿಂದೆ ಒಂದು ಜಗಳದ ಚರಿತ್ರೆ ಇದೆ.

ರೋಗನಿರೋಧಕ ಶಕ್ತಿ ‘ನನ್ನದು, ಪರಕೀಯ’ ಎಂದು ವಿಂಗಡಿಸಿ ಪರಕೀಯವಾದದ್ದನ್ನೆಲ್ಲ ಹೊಡೆಯುತ್ತದೆ ಎಂದೇ ಬಹುಕಾಲ ಪಾಠ ಹೇಳುತ್ತಿದ್ದೆವು. 1994ರಲ್ಲಿ ಪಾಲಿ ಮ್ಯಾಟ್ಜಿಂಗರ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ತಿರುವಿ ಹಾಕಿದರು: ದೇಹ ನೋಡುವುದು ಪರಕೀಯವೋ ಅಲ್ಲವೋ ಎಂದಲ್ಲ, ಹಾನಿ ಆಗುತ್ತಿದೆಯೋ ಇಲ್ಲವೋ ಎಂದು. ಹಾಗಿಲ್ಲದಿದ್ದರೆ ನಾವು ಉಣ್ಣುವ ರೊಟ್ಟಿಯೂ ಪರಕೀಯವೇ ಅಲ್ಲವೇ? 2000ದಲ್ಲಿ ಮ್ಯಾಕ್‌ಫಾಡೆನ್ ಮತ್ತು ಬ್ಯಾಸ್ಕೆಟರ್ ಇದೇ ವಿಚಾರವನ್ನು ಚರ್ಮದ ಅಲರ್ಜಿಗೆ ಅನ್ವಯಿಸಿದರು. ಕೆರಳಿಕೆಯೇ ಆ ಅಪಾಯದ ಸೂಚನೆ ಎಂಬುದು ಅವರ ವಾದ.

ಸಿದ್ಧಾಂತ ಬರುವ ಮೊದಲೇ ಕೈಯಲ್ಲಿ ಮಾಡಿ ನೋಡಿದ್ದವರೂ ಇದ್ದರು. ಒಂದು ವಸ್ತು ಅಲರ್ಜಿ ಹುಟ್ಟಿಸುತ್ತದೆಯೇ ಎಂದು ಪರೀಕ್ಷಿಸಲು ಆಲ್ಬರ್ಟ್ ಕ್ಲಿಗ್‌ಮನ್ 1966ರಲ್ಲಿ ಒಂದು ವಿಧಾನ ಪ್ರಕಟಿಸಿದ. ಮೊದಲು ಸೋಡಿಯಂ ಲಾರಿಲ್ ಸಲ್ಫೇಟ್ ಹಚ್ಚಿ ಚರ್ಮವನ್ನು ಬೇಕೆಂದೇ ಕೆರಳಿಸುವುದು, ಆಮೇಲೆ ಅದೇ ಜಾಗದಲ್ಲಿ ವಸ್ತುವನ್ನು ಕಟ್ಟುವುದು. ಹಾಗೆ ಮಾಡಿದಾಗ ದುರ್ಬಲ ವಸ್ತುಗಳೂ ಅಲರ್ಜಿ ಹುಟ್ಟಿಸುತ್ತಿದ್ದವು. ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳು ಮುಂದೆ ಕುಖ್ಯಾತವಾದವು. ಅವನ ಹೆಸರನ್ನು ಗೌರವದಿಂದ ಹೇಳಲು ನನಗೆ ನಾಲಗೆ ಬರುವುದಿಲ್ಲ, ಹೇಳದೆ ವಿಷಯ ಮುಂದೆ ಹೋಗುವುದಿಲ್ಲ. ಅಂದಹಾಗೆ ಆ ಲಾರಿಲ್ ಸಲ್ಫೇಟ್ ಈಗಲೂ ಅನೇಕ ಶಾಂಪೂ, ಹಲ್ಲುಜ್ಜುವ ಪೇಸ್ಟುಗಳಲ್ಲಿ ನೊರೆ ಬರಿಸುವ ವಸ್ತು.

ಉದ್ಯಮಬಾಗ ಲೇಥ್ (ಬೆಳಗಾವಿ)
ಸೋಮವಾರ, ಮಧ್ಯಾಹ್ನ 1.10

ಮೇಡಂ, ಒಪ್ಪಲು ಕಷ್ಟ. ಹದಿನೈದು ವರ್ಷದಿಂದ ಲೇಥ್ ಮೇಲೆ ಇದ್ದೇನೆ. ಇಡೀ ಪಾಳಿ, ಕಾದ ಲೋಹವನ್ನು ತಂಪು ಮಾಡುವ ಕೂಲಂಟ್ ನೀರಿನಲ್ಲಿ ಕೈ. ಸಂಜೆ ಕೈ ತೊಳೆಯುವುದು ಸೀಮೆಎಣ್ಣೆ, ಆಮೇಲೆ ಬಟ್ಟೆ ಸೋಪಿನ ಪುಡಿಗೆ ಮರಳು ಸೇರಿಸಿ. ಬೆರಳ ಗೆಣ್ಣುಗಳು ಬಿರಿದೇ ಇರುತ್ತವೆ. ಅಲರ್ಜಿ ಇಲ್ಲ, ಗುಳ್ಳೆ ಇಲ್ಲ. ನಮ್ಮ ಶೆಡ್ಡಿನ ಹನ್ನೆರಡು ಜನರಲ್ಲಿ ಒಬ್ಬನಿಗೆ ಮಾತ್ರ ಬಂದು ಕೆಲಸ ಬಿಟ್ಟ. ಉರಿಯೇ ಕಾರಣವಾಗಿದ್ದರೆ ಹನ್ನೆರಡೂ ಜನರಿಗೆ ಬರಬೇಕಿತ್ತು.

ನಿವೃತ್ತ ಚರ್ಮವೈದ್ಯೆ, ಬೆಳಗಾವಿ
ಸೋಮವಾರ, ಸಂಜೆ 5.00

ಒಳ್ಳೆಯ ಪ್ರಶ್ನೆ. ಉತ್ತರ ನಿಮಗೆ ರುಚಿಸಲಿಕ್ಕಿಲ್ಲ.

ಬಣವೆಗೆ ಬೆಂಕಿ ಬಿದ್ದ ಊರಿನಲ್ಲೆಲ್ಲ ಅಪರಿಚಿತ ಸಿಕ್ಕಿಬೀಳುವುದಿಲ್ಲ. ಚರ್ಮದ ಒಂದೇ ಚದರ ಅಂಗುಲದ ಮೇಲೆ ಎಷ್ಟು ಬಿತ್ತು, ಎಷ್ಟು ಸಲ ಬಿತ್ತು, ಆ ವಸ್ತು ಎಷ್ಟು ಗಡುಸಾದದ್ದು, ಹುಟ್ಟಿನಿಂದ ಬಂದ ಚರ್ಮ ಎಂಥದು, ಇವೆಲ್ಲ ಸೇರಬೇಕು. ಕೆಲವರ ಚರ್ಮ ಪದೇ ಪದೇ ಕೆರಳಿ ಒಗ್ಗಿಕೊಳ್ಳುವುದೂ ನಿಜ. ಆದರೆ ಒಗ್ಗಿದ ಚರ್ಮ ದಪ್ಪಗಿರುತ್ತದೆ, ಬಿರಿದಿರುವುದಿಲ್ಲ. ನಿಮ್ಮ ಗೆಣ್ಣುಗಳು ಬಿರಿದೇ ಇವೆ ಎಂದು ನೀವೇ ಬರೆದಿದ್ದೀರಿ.

ನೀರಿನಲ್ಲಿ ಬೆರೆಸುವ ಕೂಲಂಟ್ ಕೊಳೆಯದಿರಲೆಂದು ಹಾಕುವ ಸಂರಕ್ಷಕಗಳಲ್ಲಿ ಕೆಲವು ಫಾರ್ಮಾಲ್ಡಿಹೈಡ್ ಬಿಡುತ್ತವೆ. ಐಸೋಥಯಜೋಲಿನೋನ್ ಗುಂಪಿನವೂ ಬಳಕೆಯಲ್ಲಿವೆ. ಎರಡೂ ಹೆಸರಾಂತ ಅಲರ್ಜಿಕಾರಕಗಳು. ನೀವು ಮಾಡುತ್ತಿರುವುದೇನೆಂದರೆ, ದಿನವಿಡೀ ಆ ಅಪರಿಚಿತನನ್ನು ಕೈಮೇಲೆ ಕೂರಿಸಿಕೊಂಡು, ಸಂಜೆ ಸೀಮೆಎಣ್ಣೆಯಿಂದ ಬಣವೆಗೆ ಬೆಂಕಿ ಕೊಡುವುದು. ಹನ್ನೊಂದು ಜನ ಇದುವರೆಗೆ ತಪ್ಪಿಸಿಕೊಂಡಿದ್ದೀರಿ, ಅಷ್ಟೇ. ಈ ಗೌಂಡಿಯವರೂ ದೀಪಾವಳಿಯವರೆಗೆ ನಿಮ್ಮ ಹಾಗೆಯೇ ಹೇಳುತ್ತಿದ್ದರು.

ಸೀಮೆಎಣ್ಣೆ ಬಿಡಿ. ಗ್ರೀಸು ಹೋಗಲು ಮೊದಲು ಅಡುಗೆ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿ, ಆಮೇಲೆ ಮೃದು ಸೋಪು ಹಚ್ಚಿ. ಮರಳು ಗೋಡೆಗಿರಲಿ.

ದ್ರಾಕ್ಷಿ ಬೆಳೆಗಾರ, ತಿಕೋಟಾ (ವಿಜಯಪುರ)
ಸೋಮವಾರ, ರಾತ್ರಿ 9.15

ಇದನ್ನು ಓದುತ್ತಾ ನಮ್ಮ ಶೆಡ್ಡಿನ ಅಕ್ಕನೊಬ್ಬಳು ನೆನಪಾದಳು. ಒಣದ್ರಾಕ್ಷಿ ಮಾಡುವವರಿಗೆ ಗೊತ್ತು: ನೂರು ಲೀಟರ್ ನೀರಿಗೆ ಎರಡೂವರೆ ಕಿಲೋದಷ್ಟು ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಎಣ್ಣೆ. ಗೊನೆಗಳನ್ನು ಅದರಲ್ಲಿ ಮುಳುಗಿಸಿ ಎತ್ತಿ ಬಲೆಯ ಮೇಲೆ ಹರಡುತ್ತೇವೆ. ಹಣ್ಣಿನ ಸಿಪ್ಪೆಯ ಮೇಲೆ ಬೂದಿಯಂತೆ ಕಾಣುವ ಮೇಣದ ಪದರ ಕೆಟ್ಟು ಒಳಗಿನ ನೀರು ಬೇಗ ಹೊರಹೋಗಲಿ ಎಂಬುದಕ್ಕಾಗಿಯೇ ಆ ದ್ರಾವಣ. ಹಣ್ಣಿನ ಸಿಪ್ಪೆಗೆ ಅಷ್ಟು ಮಾಡುವುದು ಕೈಚರ್ಮವನ್ನು ಬಿಡುತ್ತದೆಯೇ ಎಂದು ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ನಾಚಿಕೆಯಾಗುತ್ತಿದೆ.

ಆ ಅಕ್ಕನ ಕೈ ಎರಡು ಸುಗ್ಗಿ ಬರೀ ಬಿರಿಯುತ್ತಿತ್ತು, ಉಗುರಿನ ಬುಡದಲ್ಲಿ ರಕ್ತ ಕಾಣುತ್ತಿತ್ತು. ಮೂರನೆಯ ಸುಗ್ಗಿಗೆ ನಾನೇ ರಬ್ಬರ್ ಕೈಚೀಲ ತಂದುಕೊಟ್ಟೆ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಕೈಯೆಲ್ಲ ಗುಳ್ಳೆ, ಮಣಿಕಟ್ಟಿನಲ್ಲಿ ಬಳೆ ತೊಡಿಸಿದಂತೆ ಕೆಂಪು ಗೆರೆ. ಕೈಚೀಲದ ಅಂಚು ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೇ ರೋಗವೂ ಮುಗಿಯುತ್ತಿತ್ತು. ‘ಬರಿಗೈಯೇ ವಾಸಿ ಇತ್ತು ಯಪ್ಪಾ’ ಎಂದಳು. ನಾನು ಒಳ್ಳೆಯದು ಮಾಡಲು ಹೋಗಿ ಕೆಡಿಸಿದೆನೇ?

ನಿವೃತ್ತ ಚರ್ಮವೈದ್ಯೆ, ಬೆಳಗಾವಿ
ಸೋಮವಾರ, ರಾತ್ರಿ 10.00

ಕೈಚೀಲ ಕೊಟ್ಟದ್ದು ಸರಿ, ಕೊಟ್ಟ ಸಮಯ ತಪ್ಪಿತು. ರಬ್ಬರನ್ನು ಗಟ್ಟಿ ಮಾಡಲು ಥೈಯುರಾಮ್ ಮೊದಲಾದ ರಾಸಾಯನಿಕಗಳನ್ನು ಸೇರಿಸುತ್ತಾರೆ. ಒಳಗೆ ಬೆವರಿದಾಗ ಅವು ಕರಗಿ ಹೊರಬರುತ್ತವೆ. ಗಟ್ಟಿ ಚರ್ಮಕ್ಕೆ ತೊಡಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ರಕ್ತ ಕಾಣುವ ಕೈಗೆ, ಅದೂ ಬಿಸಿಲಿನಲ್ಲಿ, ಬೆವರಿನ ಮುಚ್ಚಳ ಹಾಕಿದಂತಾಯಿತು. ಮುಂದಿನ ಸುಗ್ಗಿಗೆ ಪಿವಿಸಿ ಕೈಚೀಲ ಕೊಡಿ, ಒಳಗೆ ತೆಳು ಹತ್ತಿಯದೊಂದು ಇರಲಿ, ಮಧ್ಯಾಹ್ನ ಹತ್ತಿಯದನ್ನು ಬದಲಿಸಲಿ. ಮುಖ್ಯವಾಗಿ ಸುಗ್ಗಿಯ ಮೊದಲ ದಿನದಿಂದಲೇ ಕೊಡಿ, ಕೈ ಬಿರಿದ ಮೇಲಲ್ಲ. ಆ ಅಕ್ಕನಿಗೂ ಪರೀಕ್ಷೆ ಆಗಲಿ. ರಬ್ಬರ್ ಅಲರ್ಜಿ ಖಚಿತವಾದರೆ ಆಕೆ ಆಸ್ಪತ್ರೆಗೆ ಹೋದಾಗಲೂ ಹೇಳಬೇಕಾಗುತ್ತದೆ.

ಖಾನಾವಳಿ ಅಕ್ಕ, ವಿಜಯಪುರ
ಮಂಗಳವಾರ, ಮಧ್ಯಾಹ್ನ 3.45

ಊಟದ ಹೊತ್ತು ಮುಗಿಯಿತು, ಈಗ ಕೂತು ಎಲ್ಲ ಓದಿದೆ. ನನ್ನದು ಸಿಮೆಂಟಲ್ಲ, ಜೋಳದ ಹಿಟ್ಟು. ಕುದಿ ನೀರು ಹೊಯ್ದು ನಾದುತ್ತೇನೆ, ಹಂಚಿನ ಮುಂದೆ ರೊಟ್ಟಿ ಬಡಿಯುತ್ತೇನೆ, ನಡುನಡುವೆ ಪಾತ್ರೆ ಪುಡಿಯಲ್ಲಿ ಕೈ. ಕೈ ಒರಟು ಎಂಬುದು ನನಗೆ ರೂಢಿ. ಆದರೆ ಕಳೆದ ಮದುವೆ ಸೀಸನ್ ಮುಗಿದ ಮೇಲೆ ಎಡಗೈಯ ಮೂರು ಬೆರಳ ತುದಿ ಮಾತ್ರ, ಹೆಬ್ಬೆರಳು, ತೋರುಬೆರಳು, ನಡುಬೆರಳು, ಸಿಪ್ಪೆ ಸುಲಿದು ಸೀಳಿವೆ. ಮೊಬೈಲ್ ಒತ್ತಿದರೂ ನೋವು. ಬಲಗೈ ಬಲವಾಗಿ ದುಡಿಯುತ್ತದೆ, ಅದಕ್ಕೆ ಏನೂ ಇಲ್ಲ. ಇದು ಯಾವ ನ್ಯಾಯ?

ನಿವೃತ್ತ ಚರ್ಮವೈದ್ಯೆ, ಬೆಳಗಾವಿ
ಮಂಗಳವಾರ, ಸಂಜೆ 4.30

ಅಕ್ಕ, ಬೆಳ್ಳುಳ್ಳಿ ಸುಲಿಯುವಾಗ, ಹೆಚ್ಚುವಾಗ ಎಸಳನ್ನು ಯಾವ ಕೈಯಲ್ಲಿ ಹಿಡಿಯುತ್ತೀರಿ?

ಖಾನಾವಳಿ ಅಕ್ಕ, ವಿಜಯಪುರ
ಮಂಗಳವಾರ, ಸಂಜೆ 4.32

ಅಯ್ಯೋ! ಎಡಗೈ. ಇದೇ ಮೂರು ಬೆರಳು. ಮದುವೆ ಆರ್ಡರಿಗೆ ದಿನಕ್ಕೆ ಮೂರು–ನಾಲ್ಕು ಕಿಲೋ ಸುಲಿದಿದ್ದೇನೆ.

ನಿವೃತ್ತ ಚರ್ಮವೈದ್ಯೆ, ಬೆಳಗಾವಿ
ಮಂಗಳವಾರ, ಸಂಜೆ 5.10

ಬಲಗೈಯಲ್ಲಿ ಈಳಿಗೆಯೋ ಚಾಕುವೋ ಇರುತ್ತದೆ, ಎಡಗೈಯ ಮೂರು ಬೆರಳಲ್ಲಿ ಎಸಳು. ಅಡುಗೆಯವರ ಬೆರಳ ತುದಿಯ ಇಸುಬು ಎಂದು ಇದು ಪಠ್ಯಪುಸ್ತಕದಲ್ಲೇ ಇದೆ. ಎಡಚರಾದರೆ ಬಲಗೈಗೆ ಬರುತ್ತದೆ. ಬೆಳ್ಳುಳ್ಳಿಯ ಡೈಅಲೈಲ್ ಡೈಸಲ್ಫೈಡ್ ಎಂಬ ಅಂಶ ಅಲರ್ಜಿಕಾರಕ. ಬೆಳ್ಳುಳ್ಳಿಯ ರಸಕ್ಕೆ ಚರ್ಮವನ್ನು ಸುಡುವ ಗುಣವೂ ಇದೆ. ಅಂದರೆ ಬೆಂಕಿ ಹಚ್ಚುವವನೂ ಅಪರಿಚಿತನೂ ಒಂದೇ ಎಸಳಿನಲ್ಲಿ. ಸಿಮೆಂಟಿನ ಚೀಲದ ಹಾಗೆಯೇ. ಇದರ ಮೇಲೆ ನಿಮ್ಮ ಕುದಿ ನೀರು, ಪಾತ್ರೆ ಪುಡಿ.

ಕೈಯಲ್ಲಿ ನೀರಿನ ಕೆಲಸ ದಿನಕ್ಕೆ ಎರಡು ಗಂಟೆ ದಾಟಿದರೆ, ಇಲ್ಲವೇ ಪದೇ ಪದೇ ಕೈ ತೊಳೆಯುತ್ತಿದ್ದರೆ ಅದನ್ನು ಅಪಾಯದ ಉದ್ಯೋಗ ಎಂದು ಜರ್ಮನಿಯ ನಿಯಮ ಎಣಿಸುತ್ತದೆ. ಖಾನಾವಳಿಯಲ್ಲಿ ಆ ಲೆಕ್ಕ ಬೆಳಗಿನ ಉಪಾಹಾರಕ್ಕೆ ಮೊದಲೇ ಮುಗಿದಿರುತ್ತದೆ. ಬೆಳ್ಳುಳ್ಳಿಯ ಈ ಅಂಶ ಹೆಚ್ಚಿನ ಕೈಚೀಲಗಳನ್ನೂ ದಾಟುತ್ತದೆ, ಆದ್ದರಿಂದ ಸುಲಿಯುವ ಕೆಲಸವನ್ನು ಕೆಲವು ತಿಂಗಳು ಬೇರೆಯವರಿಗೆ ವಹಿಸಿ. ಪಾತ್ರೆಯನ್ನೂ. ರೊಟ್ಟಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ.

ಕಿವಿಯೋಲೆ
ಮಂಗಳವಾರ, ರಾತ್ರಿ 8.00

ನನ್ನ ಮಗಳು ಸಿಮೆಂಟು ಮುಟ್ಟಿದವಳಲ್ಲ, ಪಾತ್ರೆ ತೊಳೆದವಳಂತೂ ಅಲ್ಲವೇ ಅಲ್ಲ! ಜಾತ್ರೆಯಲ್ಲಿ ಕೊಂಡ ಝುಮಕಿಗೆ ಕಿವಿ ಸೋರುತ್ತದೆ. ಅಲ್ಲಿ ಯಾವ ಬಣವೆ ಉರಿದಿತ್ತು?

ಜೀವಶಾಸ್ತ್ರದ ಮೇಷ್ಟ್ರು, ಜಮಖಂಡಿ
ಮಂಗಳವಾರ, ರಾತ್ರಿ 8.40

ಅದು ನಿಕ್ಕಲ್ ಇರಬಹುದು. ಅದೊಂದು ವಿಶೇಷ ಕಳ್ಳ. ಬೇರೆಯವರು ಬೆಂಕಿ ಹಚ್ಚುವವರೆಗೆ ಕಾಯುವುದಿಲ್ಲ, ಊರ ಗಂಟೆಯನ್ನು ತಾನೇ ಬಾರಿಸುತ್ತದೆ. ಬ್ಯಾಕ್ಟೀರಿಯಾ ಬಂದಾಗ ಎಚ್ಚರಿಸಲೆಂದು ನಮ್ಮ ಜೀವಕೋಶಗಳ ಮೇಲೆ ಟಿಎಲ್‌ಆರ್4 ಎಂಬ ಗ್ರಾಹಕವಿದೆ. ನಿಕ್ಕಲ್ ನೇರವಾಗಿ ಅದಕ್ಕೇ ಅಂಟಿಕೊಂಡು ಅಪಾಯದ ಕೂಗು ಎಬ್ಬಿಸುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಇಲಿಯ ಗ್ರಾಹಕದಲ್ಲಿ ಆ ಅಂಟುವ ಜಾಗವಿಲ್ಲ, ಹಾಗಾಗಿ ಇಲಿಗಳಿಗೆ ನಿಕ್ಕಲ್ ಅಲರ್ಜಿ ಸುಲಭವಾಗಿ ಬರುವುದಿಲ್ಲ. ನಮ್ಮ ದುರದೃಷ್ಟ.

ಇನ್ನೊಂದು ಮಾತು. ಕಿವಿ ಚುಚ್ಚಿಸಿದ್ದು ಯಾವಾಗ? ಹಸಿ ಗಾಯದೊಳಗೆ ಲೋಹದ ಕಡ್ಡಿ ಇಟ್ಟಿರುತ್ತೇವಲ್ಲ, ಅದಕ್ಕಿಂತ ದೊಡ್ಡ ಬಣವೆ ಬೇಕೇ?

ಗೌಂಡಿಯ ಮಗ, ನವನಗರ (ಬಾಗಲಕೋಟೆ)
ಮೂರು ವಾರಗಳ ನಂತರ, ಶನಿವಾರ ಸಂಜೆ 6.20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ವೈದ್ಯಕೀಯ ಕಾಲೇಜೊಂದರ ಆಸ್ಪತ್ರೆಯಲ್ಲಿ ತೇಪೆ ಪರೀಕ್ಷೆ ಆಯಿತು. ಅಪ್ಪನ ಬೆನ್ನಿನ ಮೇಲೆ ಸಾಲುಸಾಲಾಗಿ ಪುಟ್ಟ ಬಟ್ಟಲುಗಳನ್ನು ಅಂಟಿಸಿ, ಪೆನ್ನಿನಿಂದ ಗುರುತು ಹಾಕಿ, ಎರಡು ದಿನ ಬೆನ್ನಿಗೆ ನೀರು ಸೋಕಿಸಬಾರದು, ಬೆವರಬಾರದು ಎಂದರು. ಬಾಗಲಕೋಟೆಯ ಈ ಬಿಸಿಲಿನಲ್ಲಿ ಬೆವರಬಾರದಂತೆ! ಅಪ್ಪ ಎರಡು ದಿನ ಫ್ಯಾನಿನ ಕೆಳಗೆ ಬೋರಲು ಮಲಗಿದ್ದರು. ಎರಡನೆಯ ದಿನ ಬಿಚ್ಚಿ ನೋಡಿದರು, ನಾಲ್ಕನೆಯ ದಿನ ಮತ್ತೆ ನೋಡಿದರು.

ಎರಡು ಬಟ್ಟಲುಗಳ ಕೆಳಗೆ ಎದ್ದಿತ್ತು. ಒಂದು ಪೊಟ್ಯಾಸಿಯಂ ಡೈಕ್ರೋಮೇಟ್, ಡಾಕ್ಟರಮ್ಮ ಹೇಳಿದ ಕ್ರೋಮೇಟೇ. ಇನ್ನೊಂದು ನಾವು ಕನಸಿನಲ್ಲೂ ಎಣಿಸದ್ದು: ನೈಟ್ರೋಫ್ಯುರಜೋನ್. ಅಂಗಡಿಯವರು ಕೊಟ್ಟ ಹಳದಿ ಮುಲಾಮು! ಬಿರುಕಿಗೆ ಮದ್ದೆಂದು ಮೂರು ತಿಂಗಳು ತಿಕ್ಕಿದ್ದೇ ರೋಗವನ್ನು ಮೊಣಕೈಗೆ ಏರಿಸಿತ್ತು.

ಪರೀಕ್ಷೆಯ ಮೇಲೆ ಒಂದು ದಿನ ಅಪ್ಪನ ಕೆಲಸದ ಜಾಗಕ್ಕೆ ಹೋಗಿ ನಿಂತು ನೋಡಿದೆ. ಊಟದ ಹೊತ್ತಿಗೆ ಎಲ್ಲರೂ ಒಂದೇ ಡ್ರಮ್ಮಿನಲ್ಲಿ ಕೈ ತೊಳೆಯುತ್ತಾರೆ. ಥಾಪಿ, ಬುಟ್ಟಿ ಅದ್ದುವುದೂ ಅದೇ ಡ್ರಮ್ಮಿನಲ್ಲಿ. ತಳದಲ್ಲಿ ನಾಲ್ಕು ಬೆರಳು ಸಿಮೆಂಟಿನ ಕೆಸರು. ಇಪ್ಪತ್ತೆರಡು ವರ್ಷ ಅಪ್ಪ ಕೈ ತೊಳೆದದ್ದು ಸಿಮೆಂಟಿನ ನೀರಿನಲ್ಲೇ. ಈಗ ಎರಡು ಲೀಟರಿನ ಬೇರೆ ಬಾಟಲಿ ಕಟ್ಟಿಕೊಡುತ್ತಿದ್ದೇನೆ.

ಕೈ ಮುಕ್ಕಾಲು ಪಾಲು ವಾಸಿಯಾಗಿದೆ. ಪಾದ ಹಾಗೆಯೇ ಇದೆ. ಅಲ್ಲಿಗೆ ಹಳದಿ ಮುಲಾಮು ಹಚ್ಚಿಯೇ ಇರಲಿಲ್ಲ.

ನಿವೃತ್ತ ಚರ್ಮವೈದ್ಯೆ, ಬೆಳಗಾವಿ
ಶನಿವಾರ, ರಾತ್ರಿ 7.30

ಹಳದಿ ಮುಲಾಮಿನ ಕಥೆ ನನಗೆ ಹೊಸದಲ್ಲ, ಸಿಟ್ಟು ಮಾತ್ರ ಪ್ರತಿ ಸಲವೂ ಹೊಸದು. ಬಿರಿದ ಚರ್ಮಕ್ಕೆ ಹಚ್ಚುವ ಮದ್ದೂ ಆ ಬೆಂಕಿಯ ರಾತ್ರಿ ಅಗಸಿಯಲ್ಲಿ ನಿಂತವನೇ. ಗಾಯದ ಮುಲಾಮುಗಳಲ್ಲಿರುವ ನಿಯೋಮೈಸಿನ್ ಕೂಡ ಇದೇ ಜಾತಿ.

ಒಂದು ಕಹಿ ಮಾತು ಹೇಳಬೇಕು. ಕ್ರೋಮೇಟ್ ಅಲರ್ಜಿ ಬಂತೆಂದರೆ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಟಿ ಜೀವಕೋಶಗಳ ನೆನಪು ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಚರ್ಮ ಗಟ್ಟಿಯಾಗಿದ್ದಾಗ ರೋಗ ಕೆರಳಲು ಬೇಕಾಗುವ ಪ್ರಮಾಣ ಹೆಚ್ಚು, ಚರ್ಮ ಕೆರಳಿದ್ದಾಗ ಚೂರು ಸಾಕು. ಹಾಗಾಗಿ ವಾಸಿಯಾಯಿತೆಂದು ಬಿಡಬೇಡಿ. ಕಣ್ಣಿಗೆ ವಾಸಿಯಾದಂತೆ ಕಂಡ ಚರ್ಮ ಒಳಗೆ ಇನ್ನೂ ವಾರಗಟ್ಟಲೆ ಎಳಸಾಗಿಯೇ ಇರುತ್ತದೆ. ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ದಿನಕ್ಕೆ ಮೂರು ಸಲ, ತಿಂಗಳುಗಟ್ಟಲೆ ಹಚ್ಚಲಿ.

ಉದ್ಯಮಬಾಗದವರು ಚೀಲ ಬದಲಿಸಿ ಎಂದದ್ದರಲ್ಲಿ ಒಂದು ಎಳೆ ಸತ್ಯವಿದೆ. ಸಿಮೆಂಟಿಗೆ ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ ಬೆರೆಸಿದರೆ ಕೆಟ್ಟ ಕ್ರೋಮೇಟ್ ಬಹುಮಟ್ಟಿಗೆ ನಿರುಪದ್ರವಿಯಾದ ರೂಪಕ್ಕೆ ಇಳಿಯುತ್ತದೆ. ಡೆನ್ಮಾರ್ಕ್ 1983ರಲ್ಲೇ ಇದನ್ನು ಮಾಡಿತು. 2005ರಿಂದ ಯುರೋಪಿನ ಒಕ್ಕೂಟವೆಲ್ಲ ಹತ್ತು ಲಕ್ಷಕ್ಕೆ 2 ಭಾಗ ಎಂಬ ಮಿತಿ ಹಾಕಿಕೊಂಡಿದೆ. ಆದರೆ ಕ್ಷಾರ ಹಾಗೆಯೇ ಉಳಿಯುತ್ತದೆ, ಕೈ ಬಿರಿಯುವುದು ನಿಲ್ಲುವುದಿಲ್ಲ.

ಪಾದದ ಬಗ್ಗೆ ಯೋಚಿಸುತ್ತಿದ್ದೇನೆ.

ಅಥಣಿ ಚಪ್ಪಲಿ
ಶನಿವಾರ, ರಾತ್ರಿ 9.50

ನಾನು ಡಾಕ್ಟರಲ್ಲ, ಚಪ್ಪಲಿ ಹೊಲಿಯುವ ಮನೆಯವನು. ಒಂದು ಪ್ರಶ್ನೆ: ಅಪ್ಪ ಕಾಲಿಗೆ ಏನು ಮೆಟ್ಟುತ್ತಾರೆ? ಅಂಗಡಿಯ ಚರ್ಮದ ಚಪ್ಪಲಿಯೇ? ತುರಿಕೆ ಪಟ್ಟಿ ಕೂರುವ ಜಾಗದಲ್ಲೇ ಇದೆಯೇ?

ಏಕೆ ಕೇಳಿದೆನೆಂದರೆ, ಈಗ ಮಾರುಕಟ್ಟೆಗೆ ಬರುವ ಬಹುಪಾಲು ಚರ್ಮವನ್ನು ಹದ ಮಾಡುವುದು ಕ್ರೋಮಿಯಂ ಉಪ್ಪಿನಿಂದ. ನಮ್ಮ ಹಿರಿಯರು ಹದ ಮಾಡುತ್ತಿದ್ದದ್ದು ಜಾಲಿಯ ತೊಗಟೆ, ಅಳಲೆಕಾಯಿಯಿಂದ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದರಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ. ಹೆಸರು ಕೊಲ್ಹಾಪುರದ್ದು, ಬೆವರು ನಮ್ಮದೂ ಇದೆ.

ಗೌಂಡಿಯ ಮಗ, ನವನಗರ (ಬಾಗಲಕೋಟೆ)
ಶನಿವಾರ, ರಾತ್ರಿ 10.02

ಈಗ ಎಬ್ಬಿಸಿ ಟಾರ್ಚ್ ಹಿಡಿದು ನೋಡಿದೆ. ಎರಡೂ ಪಾದಗಳ ಮೇಲೆ ಅಡ್ಡಪಟ್ಟಿಯದೇ ಆಕಾರ. ಚರ್ಮದ ಚಪ್ಪಲಿ. ಮನೆಯಲ್ಲಿದ್ದ ಹತ್ತು ದಿನವೂ ಹಿತ್ತಲಿಗೆ, ಗುಡಿಗೆ ಹೋಗಲು ಅದೇ ಮೆಟ್ಟಿದ್ದರು.

ನಿವೃತ್ತ ಚರ್ಮವೈದ್ಯೆ, ಬೆಳಗಾವಿ
ಭಾನುವಾರ, ಬೆಳಿಗ್ಗೆ 6.15

ಮೂವತ್ತು ವರ್ಷ ರೋಗಿಗಳ ಕಾಲು ನೋಡಿದವಳಿಗೆ ಹೊಳೆಯದ್ದು ಚಪ್ಪಲಿ ಹೊಲಿಯುವವರಿಗೆ ಹೊಳೆಯಿತು. ಅಥಣಿಯವರೇ, ನಿಮಗೆ ಶರಣು. ಸಿಮೆಂಟಿನಲ್ಲಿ ಕಲಿತ ದ್ವೇಷವನ್ನು ದೇಹ ಚಪ್ಪಲಿಯ ಮೇಲೆ ತೀರಿಸಿಕೊಳ್ಳುತ್ತಿದೆ. ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ ಚರ್ಮದಿಂದಲೂ ಬೆವರಿಗೆ ಆ ಕ್ರೋಮಿಯಂ ಬಿಡುತ್ತದೆ. ಯುರೋಪಿನವರು 2015ರಲ್ಲಿ ಅದಕ್ಕೂ ಮಿತಿ ಹಾಕಬೇಕಾಯಿತು. ಆ ಚಪ್ಪಲಿ ಇವತ್ತೇ ಬಿಡಿಸಿ. ತೊಗಟೆಯಿಂದ ಹದ ಮಾಡಿದ್ದು ಸಿಗುವವರೆಗೆ ರಬ್ಬರ್ ಬೇಡ, ಪ್ಲಾಸ್ಟಿಕ್ ಸಾಕು.

ಗೌಂಡಿಯ ಮಗ, ನವನಗರ (ಬಾಗಲಕೋಟೆ)
ಒಂದು ತಿಂಗಳ ನಂತರ, ಭಾನುವಾರ ರಾತ್ರಿ 8.30

ಅಥಣಿಗೆ ಹೋಗಿ, ತೊಗಟೆಯಲ್ಲೇ ಹದವಾದ ಚರ್ಮ ಎಂದು ಕೇಳಿ ಖಚಿತ ಮಾಡಿಕೊಂಡು ಒಂದು ಜೋಡಿ ತಂದೆವು. ಪ್ಲಾಸ್ಟಿಕ್ ಚಪ್ಪಲಿಯ ಎರಡು ವಾರದಲ್ಲೇ ಪಾದದ ಗುಳ್ಳೆ ಬತ್ತಿತ್ತು. ಅಪ್ಪ ಈಗ ಗಿಲಾವು ಬಿಟ್ಟು ಮಟ್ಟಗೋಲು, ತೂಕದ ಗುಂಡು ಹಿಡಿದು ಹುಡುಗರಿಗೆ ತೋರಿಸುವ ಕೆಲಸ ಮಾಡುತ್ತಿದ್ದಾರೆ. ಕೂಲಿ ಕಡಿಮೆ, ಬೇಸರ ಹೆಚ್ಚು.

ಹೊಸ ಚಪ್ಪಲಿ ಮೊದಲ ದಿನವೇ ಕಚ್ಚಿತು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಕಿತ್ತು ಹಸಿಯಾಗಿದೆ. ‘ಇದು ಯಾವ ಅಲರ್ಜಿ, ನಿನ್ನ ಡಾಕ್ಟರಮ್ಮನನ್ನು ಕೇಳು’ ಎನ್ನುತ್ತಿದ್ದಾರೆ.

ನಿವೃತ್ತ ಚರ್ಮವೈದ್ಯೆ, ಬೆಳಗಾವಿ
ಭಾನುವಾರ, ರಾತ್ರಿ 8.50

ಅದು ಅಲರ್ಜಿಯಲ್ಲ, ಬರೀ ಉಜ್ಜಿದ ಗಾಯ. ಆದರೆ ಆ ಹಸಿ ಗಾಯದ ಮೇಲೆ ಯಾವ ಚಪ್ಪಲಿಯೂ ಬೇಡ, ಯಾವ ಹಳದಿ ಮುಲಾಮೂ ಬೇಡ.

ಅಥಣಿ ಚಪ್ಪಲಿ
ಭಾನುವಾರ, ರಾತ್ರಿ 9.05

ಪಟ್ಟಿಗೆ ಒಳಗಿನಿಂದ ಹರಳೆಣ್ಣೆ ಸವರಿ ರಾತ್ರಿಯಿಡೀ ಬಿಡಿ. ನಾಲ್ಕು ರಾತ್ರಿ ಮಾಡಿ, ಗಾಯ ಒಣಗಿದ ಮೇಲೆ ಸಂಜೆ ಅರ್ಧ ತಾಸು ಮಾತ್ರ ಮೆಟ್ಟಲಿ.

ಗೌಂಡಿಯ ಮಗ, ನವನಗರ (ಬಾಗಲಕೋಟೆ)
ಭಾನುವಾರ, ರಾತ್ರಿ 9.20

ಅಪ್ಪ ಕಟ್ಟೆಯ ಮೇಲೆ ಕೂತು ಚಪ್ಪಲಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಕೈಗೆ ಹಚ್ಚಿಕೊಂಡದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ.